ಉಳಿದ ಚೂರೂ ಅವರದೇ

ಫೆಬ್ರವರಿ 9

ಅಮ್ಮಾ,

ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಬಿಳಿ ಅಂಗಿಯ ತೋಳು ಮಡಿಸಿದೆ. ಒಳಮಗ್ಗುಲಲ್ಲಿ, ಗುಂಡಿಯ ಹತ್ತಿರ, ನೀಲಿ ಚಾಕಿನ ಸಣ್ಣ ಅಡ್ಡಗೆರೆ ಕಂಡಿತು. ನೀನು ಅಳತೆಗೆ ಹಾಕಿದ ಗುರುತು. ಈ ಮೂರು ತಿಂಗಳಲ್ಲಿ ಎಷ್ಟು ಸಲ ಒಗೆದಿದ್ದೇನೋ, ಅದು ಹೋಗಿಲ್ಲ. ನೋಡುತ್ತ ನಿಂತು ಬಸ್ಸು ತಪ್ಪಿಸಿಕೊಂಡೆ.

ಆರು ದಿನದಿಂದ ನಿನ್ನ ಫೋನು ಸತ್ತಿದೆ. ಗಾಬರಿಯಾಗಿ ಮೇಲಿನ ಮನೆಯ ಟೀಚರಿಗೆ ಮಾಡಿದೆ. "ನಿಮ್ಮಮ್ಮ ಗಟ್ಟಿಮುಟ್ಟಾಗೇ ಇದಾಳೆ. ಫೋನನ್ನ ಗುಂಡಿ ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿಬಿಟ್ಟಿದಾಳೆ. ಏನಾದ್ರೂ ಹೇಳೋದಿದ್ರೆ ಕಾಗದ ಬರೀಬೇಕಂತೆ, ಕಾಗದವನ್ನ ಯಾರೂ ಊರಿಗೆಲ್ಲ ಹಂಚಲ್ವಂತೆ" ಎಂದರು. ಹಾಗಾಗಿ ಬರೆಯುತ್ತಿದ್ದೇನೆ.

ಆ ಫೋಟೋ ನಿನ್ನ ಕಣ್ಣಿಗೆ ಬಿದ್ದಿದೆ ಎಂದು ಅರ್ಥವಾಯಿತು. ಹೇಗೆ ಆಯಿತೆಂದು ನಾನೇ ಹೇಳಿಬಿಡುತ್ತೇನೆ.

ನಾನು ಈ ಊರಿಗೆ ಹೊರಡುವ ಹಿಂದಿನ ದಿನ, ಮಧ್ಯಾಹ್ನ, ನೀನು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ಕಿಟಕಿಯ ಬೆಳಕು ನಿನ್ನ ಕೆನ್ನೆಯ ಮೇಲೆ, ಬೆರಳುಗಳ ಮೇಲೆ, ಸೂಜಿಯ ಕೆಳಗಿದ್ದ ಬಿಳಿ ಬಟ್ಟೆಯ ಮೇಲೆ ಬಿದ್ದಿತ್ತು. ಬಾಗಿಲಲ್ಲಿ ನಿಂತು ಒಂದೇ ಒಂದು ಫೋಟೋ ತೆಗೆದೆ. ಅಷ್ಟು ಗಾಢ ನಿದ್ದೆಯಲ್ಲಿದ್ದವಳನ್ನು ಎಬ್ಬಿಸಿ ಕೇಳಲು ಮನಸ್ಸು ಬರಲಿಲ್ಲ. ಜನವರಿಯ ಒಂದು ಭಾನುವಾರ ಈ ಬಾಡಿಗೆ ಕೋಣೆಯಲ್ಲಿ ಕೂತು ನೀನು ತುಂಬ ನೆನಪಾದಾಗ ಅದನ್ನು ನನ್ನ ಪುಟದಲ್ಲಿ ಹಾಕಿದೆ, ಕೆಳಗೆ ನಾಲ್ಕು ಸಾಲು ಬರೆದು. ನನ್ನ ಪುಟ ನೋಡುವವರು ಐವತ್ತು ಜನವೂ ಇಲ್ಲ. ಅವರಲ್ಲಿ ಅರ್ಧ ಕಾಲೇಜಿನವರು, ಉಳಿದರ್ಧ ದಾರಿ ತಪ್ಪಿ ಬಂದವರು.

'ತಾಯಂದಿರ ಬೆವರು' ಎನ್ನುವ ಯಾವುದೋ ಪುಟದವರು ಅದನ್ನು ಎತ್ತಿಕೊಂಡರು. ನನ್ನ ಹೆಸರಿಲ್ಲ, ನನ್ನ ನಾಲ್ಕು ಸಾಲಿಲ್ಲ. ಮೇಲೆ ಗುಲಾಬಿ ಅಕ್ಷರದಲ್ಲಿ 'ಇಂಥ ತಾಯಿ ನಿಮಗೂ ಇದ್ದರೆ ಹಂಚಿ' ಎಂದು ಬರೆದರು. ಜನ ಹಂಚಿದರು. ಎಷ್ಟು ಕಡೆ ಇದೆಯೋ ಈಗ ನನಗೇ ಗೊತ್ತಿಲ್ಲ.

ಒಂದು ಮಾತು ಕೇಳಬೇಕಿತ್ತಲ್ಲ, ಅಮ್ಮ? ನನ್ನ ಕೋಣೆಯೊಳಗೆ ಬಂದು ಗೋಡೆಯ ಮೇಲಿನ ಚಿತ್ರ ಕಿತ್ತುಕೊಂಡು ಹೋದ ಹಾಗಾಗಿದೆ. ಬಿಡುವುದಿಲ್ಲ ನಾನು.

ನಿನ್ನ,
ಇಲಿಮರಿ

———

ಫೆಬ್ರವರಿ 17

ಇಲಿಮರಿ,

ಕಾಗದ ಬಂತು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ. ನೀನು ಊರಿನವರ ಬರಹವನ್ನೆಲ್ಲ ತಿದ್ದೋಳು, ಇದನ್ನ ತಿದ್ದಕ್ಕೆ ಹೋಗಬೇಡ, ಹಾಗೇ ಓದು.

ನಂಗೆ ಹೇಗೆ ಗೊತ್ತಾಯ್ತು ಅಂತ ನೀನು ಕೇಳಲೇ ಇಲ್ಲ. ಬ್ಯಾಂಕಿನ ಕ್ಯಾಷಿಯರಮ್ಮ ಅಳತೆ ನೋಡಕ್ಕೆ ಬಂದಿದ್ಲು. ನಾನು ನೆಲದ ಮೇಲೆ ಮೊಣಕಾಲೂರಿ ಅವಳ ಅಂಚಿಗೆ ಪಿನ್ನು ಹಾಕ್ತಾ ಇದ್ದೆ. ಅವಳು ಮೇಲಿಂದ ಫೋನು ಬಗ್ಗಿಸಿ, "ಇದು ನೀವೇ ಅಲ್ವಾ? ನಮ್ಮ ಅತ್ತಿಗೆ ಕಳಿಸಿದ್ಲು, ಅಯ್ಯೋ ಇವರು ನಮ್ಮ ಟೈಲರಮ್ಮ ಕಣೇ ಅಂದೆ" ಅಂದ್ಲು. ನನ್ನ ಬಾಯಲ್ಲಿ ನಾಲ್ಕು ಪಿನ್ನಿತ್ತು. ಬಾಯಲ್ಲಿ ಪಿನ್ನಿದ್ರೆ ಮಾತಾಡಕ್ಕಾಗಲ್ಲ. ಒಳ್ಳೇದೇ ಆಯ್ತು.

ಆಮೇಲೆ ಅವಳೇ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ್ಲು. "ರೀ, ಇಲ್ಲಿ ಹೊಲಿಗೆ ಬಿಟ್ಟಿದೆಯಲ್ರೀ!" ಅಂತ ನಕ್ಕಳು. ಕಂಕುಳ ಹತ್ರ. ನಾಲ್ಕು ಬೆರಳು ಹೋಗೋವಷ್ಟು ಬಾಯಿ ಬಿಟ್ಕೊಂಡಿದೆ, ಒಳಗಿನ ಮೈ ಕಾಣುತ್ತೆ. ಮನೇಲಿ ಕೂತಾಗ ಹಾಕೋ ಹಳೇ ಅಂಗಿ, ಇದಕ್ಕೇನು ಹೊಲಿಗೆ ಹಾಕೋದು ಅಂತ ಬಿಟ್ಟಿದ್ದೆ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ.

ಇಪ್ಪತ್ತೆರಡು ವರ್ಷದಿಂದ ಹೊಲೀತಾ ಇದೀನಿ. ನೀವು ಹಾಕಿದ ಹೊಲಿಗೆ ಬಿಟ್ಟುಹೋಯ್ತು ಅಂತ ಒಬ್ಬರೂ ವಾಪಸ್ ತಂದಿಲ್ಲ. ಈಗ ನೋಡಿದವರ ಕಣ್ಣೆಲ್ಲ ನನ್ನ ಕಂಕುಳಿಗೇ ಹೋಗುತ್ತೆ. ಹಾಲು ತರಕ್ಕೆ ಹೋದ್ರೂ ಕೈ ಮೇಲೆತ್ತಲ್ಲ ನಾನು.

ಅವರ್ಯಾರೋ ನಿನ್ನ ಕೇಳಲಿಲ್ಲ ಅಂತ ಬರೆದಿದೀಯ. ಓದಿದೆ. ಅವರ ವಿಷಯ ಆಮೇಲೆ ಇರಲಿ. ಮೊದಲು ನಿಂದು ತೆಗಿ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ

———

ಫೆಬ್ರವರಿ 25

ಅಮ್ಮಾ,

ನೀನು ಹೇಳಿದ ಹಾಗೇ ತೆಗೆಯಲು ಕೂತೆ. ತೆಗೆಯುವ ಮುಂಚೆ ದೂರು ಕೊಡುವ ನಿಯಮಗಳನ್ನು ಓದಿದೆ. ಓದಿ ಕೈ ಹಿಂದಕ್ಕೆಳೆದುಕೊಂಡೆ.

ನಿನಗೆ ಅರ್ಥವಾಗುವ ಹಾಗೆ ಹೇಳಲು ನೋಡುತ್ತೇನೆ. ಬೇರೆಯವರು ಹಾಕಿದ ಫೋಟೋ ತೆಗೆಸಬೇಕಾದರೆ ಅದು ನನ್ನದು ಎಂದು ತೋರಿಸಬೇಕು. ಎಲ್ಲರಿಗಿಂತ ಮೊದಲು ನನ್ನ ಪುಟದಲ್ಲಿ ಇತ್ತು ಎನ್ನುವುದೇ ಸಾಕ್ಷಿ. ನಾನು ತೆಗೆದುಬಿಟ್ಟರೆ ಅದು ದಿಕ್ಕಿಲ್ಲದ ಫೋಟೋ ಆಗುತ್ತದೆ, ಯಾರು ಬೇಕಾದರೂ ನಮ್ಮದು ಎನ್ನಬಹುದು. ಹಾಗಾಗಿ ಎಲ್ಲವನ್ನೂ ತೆಗೆಸುವ ತನಕ ನನ್ನದು ಇರಲೇಬೇಕು. ಸ್ವಲ್ಪ ದಿನ, ಅಷ್ಟೇ.

ಇದುವರೆಗೆ ಹದಿನಾಲ್ಕು ದೂರು ಕೊಟ್ಟಿದ್ದೇನೆ. ಎರಡು ಕಡೆ ತೆಗೆದರು. ತೆಗೆದ ಮರುದಿನ ಇನ್ನೂ ಐದು ಕಡೆ ಬಂತು. ಒಂದು ಹೊಲಿಗೆ ಯಂತ್ರದ ಅಂಗಡಿಯವರು ನಿನ್ನ ಯಂತ್ರವನ್ನು ಅಳಿಸಿ ತಮ್ಮ ಹೊಸ ಯಂತ್ರ ಕೂರಿಸಿ, 'ನಮ್ಮದಾಗಿದ್ದರೆ ಇವರಿಗೆ ಇಷ್ಟು ದಣಿವಾಗುತ್ತಿರಲಿಲ್ಲ' ಎಂದು ಹಾಕಿದ್ದಾರೆ. ಸಿಟ್ಟಿನಲ್ಲಿಯೂ ನಗು ಬಂತು. ನಿನ್ನ ಕೆನ್ನೆ ಅವರ ಯಂತ್ರದೊಳಗೆ ಅರ್ಧ ಮುಳುಗಿದೆ.

ಇನ್ನೊಂದು ದಾರಿ ಇದೆ. ಫೋಟೋದಲ್ಲಿರುವವರೇ ದೂರು ಕೊಟ್ಟರೆ ಬೇಗ ಕೇಳುತ್ತಾರಂತೆ. ಅದಕ್ಕೆ ನೀನು ಆ ದಿನದ ತಾರೀಕು ಬರೆದ ಚೀಟಿಯನ್ನು ಗಲ್ಲದ ಕೆಳಗೆ ಹಿಡಿದುಕೊಂಡು, ಮುಖ ಪೂರ್ತಿ ಕಾಣುವ ಹಾಗೆ ಒಂದು ಫೋಟೋ ಕಳಿಸಬೇಕು. ಟೀಚರು ತೆಗೆದುಕೊಡುತ್ತಾರೆ, ನಾನು ಹೇಳಿದ್ದೇನೆ. ದಯವಿಟ್ಟು ಒಪ್ಪಿಕೋ.

ಇಲ್ಲಿ ನಮ್ಮ ಪ್ರಕಾಶನದ ಸಂಪಾದಕರೂ ಅದನ್ನು ನೋಡಿದ್ದಾರೆ. ಕೋಣೆಗೆ ಕರೆಸಿ, "ಇದು ನೀವು ತೆಗೆದಿದ್ದಾ? ಬಾಯೇ ಇಲ್ಲ ಅಂದ್ಕೊಂಡಿದ್ದೆ, ಕಣ್ಣಿದೆ ನಿಮಗೆ" ಎಂದರು. ಈ ಮೂರೂವರೆ ತಿಂಗಳಲ್ಲಿ ಅವರು ನನ್ನ ಹತ್ತಿರ ಅಲ್ಪವಿರಾಮ, ಪೂರ್ಣವಿರಾಮ ಬಿಟ್ಟು ಬೇರೆ ಮಾತಾಡಿದ್ದು ಇದೇ ಮೊದಲು.

ನಿನ್ನ,
ಇಲಿಮರಿ

———

ಮಾರ್ಚ್ 6

ಇಲಿಮರಿ,

ಟೀಚರು ಫೋನು ಹಿಡ್ಕೊಂಡು ಬಂದಿದ್ರು. ಕಾಫಿ ಕೊಟ್ಟು ಕಳಿಸಿದೆ.

ನನ್ನ ಮುಖ ತೆಗೀರಪ್ಪಾ ಅಂತ ಕೇಳಕ್ಕೆ ಇನ್ನೊಂದು ಮುಖ ಕೊಡಬೇಕಾ? ಅದೂ ಚೀಟಿ ಹಿಡ್ಕೊಂಡು, ಜೈಲಿಗೆ ಸೇರಿಸ್ಕೊಳ್ಳೋರ ಥರ. ಮೊದಲನೇದು ಕಂಕುಳು ಕಾಣೋ ಹಾಗಿದೆ, ಎರಡನೇದು ಕಳ್ಳಿ ಹಾಗಿರುತ್ತೆ. ಬೇಡ ಮಾರಾಯ್ತಿ.

ನೀನು ಬರೆದ ಸಾಕ್ಷಿ ಗೀಕ್ಷಿ ಎಲ್ಲ ಎರಡು ಸಲ ಓದಿದೆ. ನಿಂದು ಅಂತ ತೋರಿಸಬೇಕು, ನಿಂದು ಅಂತ ಹೇಳಬೇಕು, ನಿಂದು ಇರಲೇಬೇಕು. ಅಷ್ಟು ಸಲ ನಿಂದು ನಿಂದು ಅಂತ ಬರೆದಿದೀಯಲ್ಲ, ಅದು ನಿಂದಾ?

ನಾನು ಕಲಿತಿರೋದು ಹೊಲಿಗೆ ಒಂದೇ, ಅದರಲ್ಲೇ ಹೇಳ್ತೀನಿ. ಗಿರಾಕಿ ಬಟ್ಟೆ ಕೊಡ್ತಾರೆ. ಅಳತೆಗೆ ಕತ್ತರಿಸಿದ ಮೇಲೆ ಚೂರುಪಾರು ಉಳಿಯುತ್ತೆ. ಬೇರೆ ಟೈಲರುಗಳು ಇಟ್ಕೊಂಡು ದಿಂಬಿಗೆ ತುಂಬ್ತಾರೆ. ನಾನು ಒಂದಿನಾನೂ ಇಟ್ಕೊಂಡೋಳಲ್ಲ. ಸಣ್ಣ ಗಂಟು ಕಟ್ಟಿ, ಹೊಲಿದ ಬಟ್ಟೆಗೇ ಪಿನ್ನು ಚುಚ್ಚಿ ವಾಪಸ್ ಕೊಡ್ತೀನಿ. ಎಷ್ಟೋ ಜನ "ಇದ್ಯಾಕ್ರೀ ಈ ಕಸ" ಅಂತ ನನ್ನ ಎದುರಿಗೇ ಬಿಸಾಕ್ತಾರೆ. ಬಿಸಾಕ್ಲಿ. ಬಟ್ಟೆ ಅವರದು, ಉಳಿದ ಚೂರೂ ಅವರದೇ. ಬಿಸಾಕೋದೂ ಅವರಿಗೆ ಬಿಟ್ಟಿದ್ದು.

ನೀನು ಐದು ವರ್ಷದವಳಿದ್ದಾಗ ಒಂದು ಕೆಂಪು ಚೂರು ತಗೊಂಡು ಬೊಂಬೆಗೆ ಸುತ್ತಿದ್ದೆ, ನೆನಪಿದೆಯಾ? ನಿನ್ನ ಕೈ ಹಿಡ್ಕೊಂಡು ಆ ಮನೆಗೆ ಹೋಗಿ, ನಿನ್ನ ಬಾಯಿಂದಲೇ ಕೇಳಿಸಿದ್ದೆ. ನೀನು ನನ್ನ ಹಿಂದೆ ಬಚ್ಚಿಟ್ಕೊಂಡು ಅರ್ಧ ಗಂಟೆ ಮೇಲೆ ಬಾಯಿ ಬಿಟ್ಟೆ. ಅವರು "ಇಟ್ಕೋ ಮಗು" ಅಂದ್ರು. ಆಮೇಲೆ ತಾನೆ ಇಟ್ಕೊಂಡಿದ್ದು?

ತೆಗಿ ಅಂದಿದ್ದೆ. ಇನ್ನೊಂದು ಸಲ ಹೇಳಲ್ಲ.

ಅಮ್ಮ

———

ಮಾರ್ಚ್ 13
ಸಂಪಾದಕರ ಕೋಣೆಯಿಂದ

ಕರಡು ವಿಭಾಗದ ಕಿರಿಯ ಸಹೋದ್ಯೋಗಿಗೆ,

ನೀವು ನನ್ನ ಮೇಜಿನ ಮೇಲಿಟ್ಟು ಓಡಿಹೋದ ಹನ್ನೊಂದು ಬರಹಗಳನ್ನು ಓದಿದೆ. ತಾಯಿಯ ಬಗೆಗಿನ ಬರಹಗಳಲ್ಲಿ ಜೀವವಿದೆ. ಆಗಸ್ಟಿನಲ್ಲಿ ಪುಸ್ತಕವಾಗಿ ತರಬಹುದೆಂದು ನನ್ನ ಅಭಿಪ್ರಾಯ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಹೊಸಬರ ಪುಸ್ತಕ ಕೊಳ್ಳುವವರಿಲ್ಲ. ಆದರೆ ಆ ಫೋಟೋವನ್ನು ನೋಡದವರಿಲ್ಲ. ಮುಖಪುಟಕ್ಕೆ ಅದೇ ಆಗಬೇಕು. ಅದಿಲ್ಲದಿದ್ದರೆ ನೀವೂ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಸಾಲು ಮೂರು ವರ್ಷ ಉದ್ದವಿದೆ.

ಇದರೊಂದಿಗೆ ಒಪ್ಪಿಗೆ ಪತ್ರವಿದೆ. ಎರಡು ಗೆರೆಗಳಿವೆ. ಮೊದಲನೆಯದು ಚಿತ್ರ ತೆಗೆದವರ ಸಹಿಗೆ, ಎರಡನೆಯದು ಚಿತ್ರದಲ್ಲಿರುವವರ ಸಹಿಗೆ. ಎರಡನೆಯದು ಬರೀ ನಿಯಮಕ್ಕಾಗಿ. ನಿಮ್ಮ ತಾಯಿಯವರೇ ಆದ್ದರಿಂದ ಅದನ್ನು ಹೇಗೆ ತುಂಬಿಸುತ್ತೀರಿ ಎಂದು ನಾನು ಕೇಳುವುದಿಲ್ಲ. ಮೇ ಮೊದಲ ವಾರದೊಳಗೆ ಕೊಡಿ.

ಶುಭಾಶಯಗಳೊಂದಿಗೆ,
ಸಂಪಾದಕ

———

ಮಾರ್ಚ್ 15
(ಕಳಿಸಲಿಲ್ಲ)

ಅಮ್ಮಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ಹಾಕುವುದಿಲ್ಲ ಎಂದು ಗೊತ್ತಿರುವುದರಿಂದಲೇ ಬರೆಯಲು ಆಗುತ್ತಿದೆ.

ನಾನು ನಿನಗೆ ಅರ್ಧ ಸುಳ್ಳು ಹೇಳಿದ್ದೇನೆ. ಸಾಕ್ಷಿಗಾಗಿ ಫೋಟೋ ಇಟ್ಟುಕೊಂಡಿದ್ದೇನೆ ಎಂದೆ. ನಿಜ. ಆದರೆ ದಿನಕ್ಕೆ ಇಪ್ಪತ್ತು ಸಲ ಆ ಪುಟ ತೆರೆದು ನೋಡುವುದು ಸಾಕ್ಷಿಗಾಗಿ ಅಲ್ಲ. ಈಗ ನನ್ನನ್ನು ಒಂಬತ್ತು ಸಾವಿರ ಜನ ನೋಡುತ್ತಾರೆ. ಯಾರೋ ಒಬ್ಬರು ಹುಡುಕಿಕೊಂಡು ಬಂದು, 'ಮೂಲ ಫೋಟೋ ಇವರದು, ಎಂಥ ನೋಟ!' ಎಂದು ಬರೆದಿದ್ದಾರೆ. ಅದನ್ನು ಬಾಯಿಪಾಠ ಮಾಡಿದ್ದೇನೆ. ಕಾಲೇಜಿನ ಐದು ವರ್ಷದಲ್ಲಿ ಒಂದು ಸಲವೂ ಕೈ ಎತ್ತಿ ಮಾತಾಡಿದವಳಲ್ಲ ನಾನು. ಹಾಜರಿ ಕರೆದಾಗ ಕೂಡ ಪಕ್ಕದವಳು 'ಇದಾಳೆ ಸರ್' ಎನ್ನುತ್ತಿದ್ದಳು.

'ತಾಯಂದಿರ ಬೆವರು' ಪುಟದವರ ಮೇಲೆ ನನಗಿರುವ ಸಿಟ್ಟಿನಲ್ಲಿ ಅರ್ಧ, ಅವರು ನನ್ನ ಹೆಸರು ಅಳಿಸಿದ್ದಕ್ಕೆ. ಹೆಸರು ಹಾಕಿದ್ದರೆ ಸುಮ್ಮನಿರುತ್ತಿದ್ದೆನೇನೋ.

ಆರನೇ ತರಗತಿಯಲ್ಲಿ ಗಣಿತದ ಅಂಕಪಟ್ಟಿಗೆ ನಿನ್ನ ಸಹಿಯನ್ನು ನಾನೇ ಹಾಕಿದ್ದೆ. ನಿನಗೆ ಇವತ್ತಿಗೂ ಗೊತ್ತಿಲ್ಲ. ಕೊನೆಯ ಅಕ್ಷರದ ಬಾಲವನ್ನು ಮೇಲಕ್ಕೆ ಎಳೆದು ಚಕ್ಕನೆ ನಿಲ್ಲಿಸುತ್ತೀಯಲ್ಲ, ದಾರ ಕಡಿದ ಹಾಗೆ. ಇವತ್ತು ಊಟದ ವಿರಾಮದಲ್ಲಿ ಯಾರದೋ ಕರಡಿನ ಅಂಚಿನಲ್ಲಿ ಬರೆದು ನೋಡಿದೆ. ಮೂರನೇ ಸಲಕ್ಕೆ ಸರಿಯಾಗಿ ಬಂತು. ಆಮೇಲೆ ಒಪ್ಪಿಗೆ ಪತ್ರದ ಎರಡನೆಯ ಗೆರೆಯ ಮೇಲೆ ಪೆನ್ಸಿಲಿನಲ್ಲಿ ಹಾಕಿದೆ.

ಅದರ ಮೇಲೆ ಪೆನ್ನು ಓಡಿಸುವುದಷ್ಟೇ ಬಾಕಿ. ಮೇ ತಿಂಗಳವರೆಗೆ ಸಮಯವಿದೆ.

———

ಏಪ್ರಿಲ್ 4

ಇಲಿಮರಿ,

ತಿಂಗಳಾಯ್ತು ನಿನ್ನ ಕಾಗದ ಬಂದು. ನಾನೂ ಬರೀಬಾರದು ಅಂತಲೇ ಇದ್ದೆ. ಆದ್ರೆ ಇದು ಬೇರೆಯವರಿಂದ ನಿನಗೆ ಗೊತ್ತಾಗೋದು ಬೇಡ.

ನಾನು ಸತ್ತುಹೋಗಿದೀನಂತೆ.

ಮಂಗಳವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದ್ರು. ತೆಗೆದ್ರೆ ಹೋಟೆಲಿನ ಮ್ಯಾನೇಜರು, ಮುಖ ಬಿಳಿಚ್ಕೊಂಡು ನಿಂತಿದಾನೆ. "ನೀವು... ಇದೀರಾ?" ಅಂದ. "ಇಲ್ಲದೆ ಇನ್ನೆಲ್ಲಿ ಹೋಗ್ಲಿ?" ಅಂದೆ. "ಅಲ್ಲ, ತೀರ್ಕೊಂಡ್ರಂತೆ ಅಂತ ಫೋನಲ್ಲಿ ಬಂತು. ನಮ್ಮ ಪರದೆ ಬಟ್ಟೆ ನಲವತ್ತು ಮೀಟರು ನಿಮ್ಮ ಹತ್ರ ಇತ್ತಲ್ಲ, ಅದಕ್ಕೇ ಬೇಗ ಬಂದೆ" ಅಂದ. ನಗು ಬಂತು ಕಣೇ. ಸತ್ತ ಮೇಲೆ ಯಾರು ಯಾತಕ್ಕೆ ಬರ್ತಾರೆ ಅಂತ ಎಲ್ಲರಿಗೂ ನೋಡಕ್ಕಾಗಲ್ಲ, ನಂಗೆ ಆಯ್ತು.

ಟೀಚರು ತೋರಿಸಿದ್ರು. ಅದೇ ಫೋಟೋ, ಬಣ್ಣ ತೆಗೆದು ಕಪ್ಪುಬಿಳುಪು ಮಾಡಿದಾರೆ. ಸುತ್ತ ಕಪ್ಪು ಅಂಚು. 'ಮಗಳನ್ನು ಓದಿಸಲು ಹೊಲಿಯುತ್ತಲೇ ಪ್ರಾಣ ಬಿಟ್ಟ ತಾಯಿ' ಅಂತ. ಕೆಳಗೆ ಸಾವಿರಾರು ಜನ ಕೈ ಮುಗಿದಿದಾರೆ, ಅತ್ತಿದಾರೆ. ನಂಗೋಸ್ಕರ ಹಂಗೆ ಅತ್ತೋರು ಬದುಕಿದ್ದಾಗ ಒಬ್ಬರೂ ಇರಲಿಲ್ಲ.

ಸಾಯಂಕಾಲದ ಹೊತ್ತಿಗೆ ಒಂಬತ್ತು ಗಿರಾಕಿ ಬಂದು ಬಟ್ಟೆ ತಗೊಂಡು ಹೋದ್ರು. ಹೊಲಿದದ್ದು, ಹೊಲೀದೇ ಇದ್ದದ್ದು ಎಲ್ಲ. ಎದುರಿಗೆ ನಿಂತಿದೀನಿ, ಉಸಿರಾಡ್ತಿದೀನಿ, ಆದ್ರೂ "ಇರಲಿ ಬಿಡಿ, ನಿಮಗೂ ವಿಶ್ರಾಂತಿ ಬೇಕು" ಅಂತ ತಗೊಂಡೇ ಹೋದ್ರು. ಅಪಶಕುನ ಅನ್ನಿಸಿರಬೇಕು. ಕಪಾಟು ಖಾಲಿ.

ಇಷ್ಟಾಗಿದ್ರೆ ನಾನು ಬರೀತಾ ಇರಲಿಲ್ಲ.

ಬುಧವಾರ ನಿನ್ನ ಮಾವ ಬಂದ. ನನ್ನ ಅಣ್ಣ. ನಿಮ್ಮಪ್ಪ ಬಿಟ್ಟುಹೋದಾಗ "ಮಗಳನ್ನ ಕರ್ಕೊಂಡು ನಮ್ಮನೆಗೆ ಬಾ" ಅಂದಿದ್ದ, "ಬರಲ್ಲ, ಹೊಲಿದು ಬದುಕ್ತೀನಿ" ಅಂದಿದ್ದೆ. ಅವತ್ತು ನಿಂತ ಮಾತು, ಹನ್ನೊಂದು ವರ್ಷ. ಇಡೀ ದಿನ ಬಸ್ಸಲ್ಲಿ ಕೂತು ಬಂದಿದ್ದ. ಕೂದಲೆಲ್ಲ ಬೆಳ್ಳಗಾಗಿದೆ. ಬಾಗಿಲು ತೆಗೆದವಳು ನಾನೇ. ಅವನು ಕೈಚೀಲ ಕೆಳಗೆ ಬಿಟ್ಟು, ಗಿರಾಕಿಗಳು ಕೂರೋ ಸ್ಟೂಲ್ ಮೇಲೆ ಕೂತು, ಮುಖ ಮುಚ್ಕೊಂಡು ಅತ್ತ. ಅಣ್ಣ ಅತ್ತಿದ್ದನ್ನ ನಾನು ಎಂದೂ ನೋಡಿರಲಿಲ್ಲ. ನೀರು ತಂದುಕೊಟ್ಟೆ. ಬೆನ್ನ ಮೇಲೆ ಕೈಯಿಟ್ಟೆ. ತಳ್ಳಲಿಲ್ಲ.

ಆಮೇಲೆ ತಲೆ ಎತ್ತಿ, "ಇದನ್ನ ಯಾರು ಮಾಡಿದ್ದು?" ಅಂದ. "ಗೊತ್ತಿಲ್ಲ ಅಣ್ಣ" ಅಂದೆ. "ಮನೆಯೊಳಗಿನ ಫೋಟೋ. ಯಾರು ತೆಗೆದದ್ದು?" ಅಂದ.

ನಿನ್ನ ಹೆಸರು ಬಾಯಿಗೆ ಬರಲಿಲ್ಲ. ಹೇಳದೇ ಇದ್ದದ್ದಕ್ಕೆ ಅವನು ನಾನೇ ಮಾಡಿಸಿದ್ದು ಅಂದ್ಕೊಂಡ. "ಬಾ ಅಂತ ಒಂದು ಮಾತು ಹೇಳಿ ಕಳಿಸಿದ್ರೆ ಬರ್ತಿದ್ದೆ. ಸತ್ತು ಕರೆಸ್ಕೋಬೇಕಾಗಿತ್ತಾ?" ಅಂದ. ಲೋಟ ಕೆಳಗಿಟ್ಟು ಎದ್ದು ಹೋದ. ನೀರು ಅರ್ಧವೂ ಕುಡಿದಿರಲಿಲ್ಲ.

ಅಮ್ಮ

———

ಏಪ್ರಿಲ್ 10

ಅಮ್ಮಾ,

ನಿನ್ನ ಕಾಗದ ಓದಿ ಎರಡು ದಿನ ಆಫೀಸಿಗೆ ಹೋಗಲಿಲ್ಲ.

ಆ ಕಪ್ಪು ಅಂಚಿನ ಪುಟಕ್ಕೆ ದೂರು ಕೊಟ್ಟೆ. 'ಇದು ಗೌರವ ಸಲ್ಲಿಸುವ ಬರಹ, ನಿಯಮ ಮೀರಿಲ್ಲ' ಎಂದು ಉತ್ತರ ಬಂತು. ಅದರ ಕೆಳಗೆ ನಾನೇ ಬರೆದೆ: 'ಇವರು ನನ್ನ ಅಮ್ಮ. ಬದುಕಿದ್ದಾರೆ.' ಒಬ್ಬರು, 'ಪ್ರಚಾರಕ್ಕಾಗಿ ಏನೇನು ಮಾಡುತ್ತಾರಪ್ಪ, ಸತ್ತವರನ್ನೂ ಬಿಡುವುದಿಲ್ಲ' ಎಂದು ಉತ್ತರಿಸಿದರು. ಅದಕ್ಕೆ ಇನ್ನೂರು ಜನ ಹೌದು ಹೌದು ಎಂದರು. ಆಮೇಲೆ ನನ್ನ ಮಾತನ್ನೇ ಅಳಿಸಿಹಾಕಿದರು.

ಮಾವನ ವಿಳಾಸ ಕಳಿಸು. ತೆಗೆದವಳು ನಾನು, ಹಾಕಿದವಳು ನಾನು ಎಂದು ಬರೆಯುತ್ತೇನೆ. ಅಥವಾ ಹೊರಟು ಬರುತ್ತೇನೆ, ಇಬ್ಬರೂ ಹೋಗಿ ಹೇಳೋಣ.

ನೀನು ನಿದ್ದೆಯಲ್ಲಿಲ್ಲದಿದ್ದರೆ ಅವತ್ತೇ ಕೇಳುತ್ತಿದ್ದೆ, ಅಮ್ಮ. ಅದನ್ನಾದರೂ ನಂಬು.

ಇಲಿಮರಿ

———

ಏಪ್ರಿಲ್ 22

ಇಲಿಮರಿ,

ಬರಬೇಡ. ವಿಳಾಸ ಸದ್ಯಕ್ಕೆ ಕೊಡಲ್ಲ. ಅಣ್ಣ ನನ್ನ ಮೇಲೆ ಕೋಪ ಮಾಡ್ಕೊಂಡಿದಾನೆ, ಮಾಡ್ಕೊಳ್ಳಲಿ, ಅಭ್ಯಾಸ ಇದೆ. ನಿನ್ನ ಮೇಲೆ ಮಾಡ್ಕೊಂಡ್ರೆ ಅದು ಹೊಸದಾಗುತ್ತೆ.

ಎರಡು ಸಲ ಬರೆದೆ ನೀನು, ನಿದ್ದೆಯಲ್ಲಿದ್ದೆ, ನಿದ್ದೆಯಲ್ಲಿದ್ದೆ ಅಂತ. ಇದನ್ನ ಹೇಳಬಾರದು ಅಂತಿದ್ದೆ. ಹೇಳದೇ ಇದ್ರೆ ನನ್ನ ಹೊಟ್ಟೇಲೇ ಉಳಿಯುತ್ತೆ.

ನಾನು ನಿದ್ದೆ ಮಾಡ್ತಾ ಇರಲಿಲ್ಲ.

ನಿನ್ನ ಬಿಳಿ ಅಂಗಿ ಹೊಲೀತಾ ಇದ್ದೆ. ಎಡತೋಳು ಮುಗಿಸಿ, ಬಲತೋಳಿಗೆ ಗುರುತು ಹಾಕಿದ್ದೆ. ಕಣ್ಣು ತುಂಬ್ಕೊಂಡು ಸೂಜಿ ಕಾಣಲಿಲ್ಲ. ನೀನು ಆಚೆ ಕೋಣೇಲಿ ಪುಸ್ತಕ ಡಬ್ಬಕ್ಕೆ ತುಂಬ್ತಾ ಇದ್ದೆ. ಬಂದ್ರೆ ನೋಡ್ತೀಯ, ನೋಡಿದ್ರೆ ಹೊರಡಲ್ಲ ಅಂತ ತಲೆ ಕೆಳಗಿಟ್ಟೆ.

ನೀನು ಬಾಗಿಲಿಗೆ ಬಂದಿದ್ದು ಗೊತ್ತಾಯ್ತು. ಆ ಬಾಗಿಲ ಹತ್ರ ಒಂದು ಹಲಗೆ ಸದ್ದು ಮಾಡುತ್ತಲ್ಲ. ಫೋನು ಎತ್ತಿದ್ದೂ ಗೊತ್ತಾಯ್ತು. ನನ್ನ ಹಳೇ ಅಂಗಿ ಹೊಲಿಗೆ ಬಿಟ್ಟಿರೋ ಕಡೆಯೇ ನೀನು ನಿಂತಿದೀಯ ಅಂತಲೂ ಗೊತ್ತಿತ್ತು. ಕೈ ಕೆಳಗೆ ಮಾಡ್ಕೊಳ್ಳಕ್ಕೆ ಎಷ್ಟು ಹೊತ್ತು? ಆದ್ರೆ ಅಲ್ಲಾಡಿದ್ರೆ ಎಚ್ಚರ ಇದೀನಿ ಅಂತ ಗೊತ್ತಾಗುತ್ತೆ, ನೀನು ನಾಚ್ಕೊಂಡು ಓಡಿಹೋಗ್ತೀಯ. ದೂರದ ಊರಿಗೆ ಹೋಗೋಳು, ಇಟ್ಕೊಳ್ಳಲಿ, ಅವಳೇ ತಾನೆ ನೋಡೋದು ಅಂತ ಹಾಗೇ ಇದ್ದೆ. ಉಸಿರೂ ಮೆಲ್ಲಗೆ ಬಿಟ್ಟೆ, ಚೆನ್ನಾಗಿ ಬರಲಿ ಅಂತ.

ನೀನು ಕೇಳಲಿಲ್ಲ. ಆದ್ರೂ ಕೊಟ್ಟಿದ್ದೆ ನಾನು. ನಿನಗೆ ಕೊಟ್ಟಿದ್ದೆ.

ಇನ್ನೇನಿಲ್ಲ. ಹೋಟೆಲಿನವನು ಪರದೆ ಬಟ್ಟೆ ವಾಪಸ್ ತಂದಿದಾನೆ, ಬೇರೆ ಟೈಲರು ಸೊಟ್ಟ ಕತ್ತರಿಸಿದ್ನಂತೆ. ಹೊಲೀತಾ ಇದೀನಿ. ನಿಮ್ಮ ಸಂಪಾದಕರು ಫೋಟೋ ನೋಡಿ ಏನೋ ಅಂದ್ರು ಅಂತ ಬರೆದಿದ್ಯಲ್ಲ, ಆಮೇಲೆ ಏನಾಯ್ತು? ಆಫೀಸಿನ ವಿಷಯ ಬರಿ.

ಅಮ್ಮ

———

ಮೇ 3

ಸರ್,

ಒಪ್ಪಿಗೆ ಪತ್ರವನ್ನು ಸಹಿಯಿಲ್ಲದೆ ಹಿಂದಿರುಗಿಸುತ್ತಿದ್ದೇನೆ. ಎರಡನೆಯ ಗೆರೆಯ ಮೇಲೆ ಪೆನ್ಸಿಲಿನ ಗುರುತು ಕಾಣಬಹುದು. ಅದು ನಾನು ಹಾಕಿ ಅಳಿಸಿದ್ದು. ಒತ್ತಿ ಬರೆದಿದ್ದರಿಂದ ಪೂರ್ತಿ ಹೋಗಲಿಲ್ಲ.

ಹನ್ನೊಂದು ಬರಹಗಳನ್ನೂ ವಾಪಸ್ ಕೊಡಿ. ಅವುಗಳಲ್ಲಿ ಏಳು ನನ್ನ ತಾಯಿಯ ಬಗ್ಗೆ ಇವೆ, ಅವರು ಒಂದನ್ನೂ ಓದಿಲ್ಲ. ಉಳಿದ ನಾಲ್ಕು ಅಷ್ಟು ಚೆನ್ನಾಗಿಲ್ಲ ಎಂದು ನಿಮ್ಮ ಪತ್ರದಿಂದಲೇ ತಿಳಿಯಿತು, ಅದು ಸರಿಯೇ. ನಾನು ಸಾಲಿನಲ್ಲಿ ನಿಲ್ಲುತ್ತೇನೆ.

ಇದನ್ನು ಎದುರಿಗೆ ಬಂದು ಹೇಳಬೇಕಿತ್ತು. ಮೂರು ಸಲ ನಿಮ್ಮ ಬಾಗಿಲವರೆಗೆ ಬಂದು ಹಿಂದೆ ಹೋದೆ.

ವಿಶ್ವಾಸದಿಂದ,
ಕರಡು ವಿಭಾಗದ ಕೊನೆಯ ಮೇಜಿನವಳು

———

ಮೇ 4

ಅಮ್ಮಾ,

ನಿನ್ನೆ ಫೋಟೋ ತೆಗೆದುಹಾಕಿದೆ. ಪುಟದಿಂದ, ಫೋನಿನಿಂದ, ಬೇರೆ ಎಲ್ಲೆಲ್ಲಿ ಇಟ್ಟಿದ್ದೆನೋ ಅಲ್ಲಿಂದೆಲ್ಲ. ಕೊನೆಗೆ ಪುಟವನ್ನೇ ಮುಚ್ಚಿದೆ. ಫೆಬ್ರವರಿಯಲ್ಲಿ ನೀನು ಒಂದು ಸಾಲಿನಲ್ಲಿ ಹೇಳಿದ್ದನ್ನು ಮಾಡಲು ನನಗೆ ಮೇ ತಿಂಗಳಾಯಿತು.

ಉಳಿದವು ಇರುತ್ತವೆ. ಸುಳ್ಳು ಸಮಾಧಾನ ಹೇಳುವುದಿಲ್ಲ. ಇನ್ನು ಅದು ನನ್ನದು ಎಂದು ಹೇಳಲು ನನ್ನ ಹತ್ತಿರ ಏನೂ ಇಲ್ಲ, ತೆಗೆಯಿರಿ ಎಂದು ಕೇಳಲೂ ಆಗುವುದಿಲ್ಲ. ಕಪ್ಪು ಅಂಚಿನದು ಈ ವಾರವೂ ಓಡಾಡುತ್ತಿತ್ತು. ಯಾರಾದರೂ ಮತ್ತೆ ಬಾಗಿಲು ತಟ್ಟಬಹುದು.

ಅಳಿಸುವ ಮುಂಚೆ ಸ್ಟುಡಿಯೋದಲ್ಲಿ ಒಂದೇ ಒಂದು ಪ್ರತಿ ಹಾಕಿಸಿದೆ. ಎದುರಿಗೆ ನಿಂತು, ಅವರ ಕಂಪ್ಯೂಟರಿನಿಂದಲೂ ತೆಗೆಸಿದೆ. ಅಂಗಡಿಯವರು, "ಏನಮ್ಮಾ, ಇದು ಎಲ್ಲರ ಹತ್ರನೂ ಇರೋ ಫೋಟೋ ತಾನೆ?" ಎಂದು ನಕ್ಕರು. "ಇರಲಿ, ತೆಗೀರಿ" ಎಂದೆ. ಗಟ್ಟಿಯಾಗಿಯೇ ಹೇಳಿದೆ, ಅವರು ಎರಡನೇ ಸಲ ಕೇಳಲಿಲ್ಲ.

ಆ ಪ್ರತಿಯನ್ನು ಈ ಕಾಗದಕ್ಕೆ ಪಿನ್ನು ಹಾಕಿ ಚುಚ್ಚಿದ್ದೇನೆ. ಇಟ್ಟುಕೊಳ್ಳುವುದೋ, ಒಲೆಗೆ ಹಾಕುವುದೋ, ಮತ್ತೆ ನನಗೆ ಕಳಿಸುವುದೋ ನಿನಗೆ ಬಿಟ್ಟದ್ದು. ಕಳಿಸಬೇಕೆಂದು ನಾನು ಕೇಳುತ್ತಿಲ್ಲ.

ಪಿನ್ನು ನಿನ್ನದೇ. ಬಿಳಿ ಅಂಗಿಯ ಕಾಲರಿನ ಒಳಗೆ ಉಳಿದುಹೋಗಿತ್ತು. ಫೋಟೋದ ಅಂಚಿನ ಬಿಳಿಯಲ್ಲಿ ಚುಚ್ಚಿದ್ದೇನೆ, ನಿನಗೆ ತಾಗಿಲ್ಲ.

ಮಾವನಿಗೆ ಒಂದು ಕಾಗದ ಬರೆದು, ಲಕೋಟೆ ಅಂಟಿಸದೆ, ಇದರ ಒಳಗೇ ಇಟ್ಟಿದ್ದೇನೆ. ವಿಳಾಸವನ್ನು ಟೀಚರ ಹತ್ತಿರ ಕೇಳಬಹುದಿತ್ತು, ಕೇಳಲಿಲ್ಲ. ಓದಿ ನೋಡು. ಕಳಿಸಬಹುದು ಅನ್ನಿಸಿದ ದಿನ ವಿಳಾಸ ಬರೆದು ಕಳಿಸು. ಅನ್ನಿಸದಿದ್ದರೆ ಬೇಡ.

ಆಫೀಸಿನ ವಿಷಯ ಕೇಳಿದ್ದೆ. ವಿಶೇಷವೇನಿಲ್ಲ. ಒಬ್ಬರು ನಿವೃತ್ತ ಇಂಜಿನಿಯರು ಸೇತುವೆಗಳ ಬಗ್ಗೆ ದಪ್ಪ ಪುಸ್ತಕ ಬರೆದಿದ್ದಾರೆ. ಅದರ ಕರಡು ತಿದ್ದುತ್ತಿದ್ದೇನೆ.

ನಿನ್ನ,
ಇಲಿಮರಿ